ನೆರೆ, ಗುಡ್ಡ ಕುಸಿತದ ಮಾಹಿತಿ ಕೋಶ: ಸಿದ್ಧ ಪಟ್ಟಿಯೋ, ಸರ್ಕಾರಿ ಫೀಡೋ, ವೆಬ್ ಭಂಡಾರವೋ, ಸ್ವಂತ ಕ್ರಾಲರೋ?

ಕೊಡಗಿನಂಥ ಒಂದು ಜಿಲ್ಲೆಗೆ ನೆರೆ ಮತ್ತು ಗುಡ್ಡ ಕುಸಿತದ ಮಾಹಿತಿ ಕೋಶ ಕಟ್ಟಬೇಕು ಎಂದಿಟ್ಟುಕೊಳ್ಳಿ. ಯಾವ ಊರಲ್ಲಿ ಯಾವ ವರ್ಷ ಏನಾಯಿತು, ಎಷ್ಟು ಮಳೆ ಬಿದ್ದ ಮೇಲೆ ಆಯಿತು, ಯಾವ ರಸ್ತೆ ಬಂದ್ ಆಯಿತು, ಜನರನ್ನು ಎಲ್ಲಿಗೆ ಸಾಗಿಸಿದರು ಎಂದು ಕೇಳಿದರೆ ಅದು ಆಧಾರ ಸಮೇತ ಉತ್ತರಿಸಬೇಕು. ಇದಕ್ಕೆ ಬೇಕಾದ ಮಾಹಿತಿಯಲ್ಲಿ ಬಹುಪಾಲು ವೆಬ್‌ನಲ್ಲೇ ಚೆದುರಿಕೊಂಡಿದೆ. ಅದನ್ನು ತರಲು ನಾಲ್ಕು ದಾರಿಗಳಿವೆ: ಬೇರೆಯವರು ಆಗಲೇ ಮಾಡಿಟ್ಟ ವಿಕೋಪಗಳ ಪಟ್ಟಿ, ಸರ್ಕಾರಿ ಸಂಸ್ಥೆಗಳ ಫೀಡ್ (ಯಂತ್ರ ನೇರವಾಗಿ ಓದಬಲ್ಲ, ಆಗಾಗ ಹೊಸದಾಗುವ ಮಾಹಿತಿ), ಇಡೀ ವೆಬ್ಬನ್ನೇ ಗುಡ್ಡೆ ಹಾಕಿಟ್ಟಿರುವ ಭಂಡಾರಗಳು, ಮತ್ತು ನಾವೇ ಬರೆದ ಕ್ರಾಲರ್, ಅಂದರೆ ತಾಣಗಳಿಗೆ ತಾನೇ ಹೋಗಿ ಪುಟ ತರುವ ಪ್ರೋಗ್ರಾಂ. ಹೊಸಬರು ಬಹಳ ಮಂದಿ ನಾಲ್ಕನೆಯದರಿಂದಲೇ ಶುರು ಮಾಡಿ, ಮೂರು ತಿಂಗಳ ನಂತರ ಮೊದಲ ಎರಡಕ್ಕೆ ಬರುತ್ತಾರೆ. ಕ್ರಮ ತಿರುಗಿಸಿದರೆ ಆ ಮೂರು ತಿಂಗಳು ಉಳಿಯುತ್ತದೆ. ಕ್ರಾಲರ್ ಬೇಕೇ ಬೇಕು, ಆದರೆ ಬೇರೆಲ್ಲೂ ಸಿಗದ ಊರುಮಟ್ಟದ ವಿವರಕ್ಕೆ ಮಾತ್ರ.

ಎಚ್ಚರಿಕೆ ಬೇರೆ, ಇತಿಹಾಸ ಬೇರೆ

ಈ ಎರಡು ಕೆಲಸಗಳನ್ನು ಒಂದೇ ಕೊಳವೆಯಲ್ಲಿ ಹಾಯಿಸಬೇಡಿ. ಇವತ್ತಿನ ಎಚ್ಚರಿಕೆಗೆ ನಿಮಿಷಗಳ ಲೆಕ್ಕ. ಅದು ಅಧಿಕೃತ ಮೂಲದಿಂದಲೇ ಬರಬೇಕು, ಅವಧಿ ಮುಗಿದೊಡನೆ ಪರದೆಯಿಂದ ಹೋಗಬೇಕು. ಹಳೆಯ ಘಟನೆಗಳ ದಾಖಲೆಗೆ ಆತುರವಿಲ್ಲ. ಅಲ್ಲಿ ಒಂದೇ ಘಟನೆಯ ಬಗ್ಗೆ ನಾಲ್ಕು ಮೂಲ ನಾಲ್ಕು ಮಾತು ಹೇಳಿದರೆ ನಾಲ್ಕೂ ಉಳಿಯಬೇಕು. ಇವು ಬೆರೆತಾಗ ಆಗುವ ಅನಾಹುತ ಒಂದೇ ಬಗೆಯದು: «ಕಾವೇರಿ ಈಗ ಎಷ್ಟಿದೆ» ಎಂದು ಯಾರೋ ಕೇಳುತ್ತಾರೆ, ವ್ಯವಸ್ಥೆ 2018ರ ಆಗಸ್ಟ್‌ನ ವರದಿಯಿಂದ ಸಂಖ್ಯೆ ತೆಗೆದು ಕೊಡುತ್ತದೆ. ಜೀವದ ಪ್ರಶ್ನೆ ಇದು. ಆದ್ದರಿಂದ «ಈಗ», «ಇವತ್ತು» ಎಂಬ ಪ್ರಶ್ನೆಗಳು ಹಳೆಯ ಪಠ್ಯದ ಸೂಚಿಯನ್ನು ಮುಟ್ಟದಂತೆ ಮೊದಲ ದಿನವೇ ಗೋಡೆ ಕಟ್ಟಿ.

ಸಿದ್ಧ ಪಟ್ಟಿಗಳು

ಬೆಲ್ಜಿಯಂನ ಲೂವೇನ್ ವಿಶ್ವವಿದ್ಯಾಲಯದ ಕೇಂದ್ರವೊಂದು ನಡೆಸುವ ಎಂ-ಡ್ಯಾಟ್ ಜಗತ್ತಿನಲ್ಲೇ ಹೆಚ್ಚು ಬಳಕೆಯಲ್ಲಿರುವ ವಿಕೋಪ ಪಟ್ಟಿ. 1900ರಿಂದ ಈಚಿನ ದಾಖಲೆಗಳಿವೆ, ನೋಂದಾಯಿಸಿಕೊಂಡರೆ ವಾಣಿಜ್ಯೇತರ ಬಳಕೆಗೆ ಉಚಿತ. ಆದರೆ ಅದರೊಳಗೆ ಸೇರಲು ಘಟನೆಗೆ ಕನಿಷ್ಠ ಮಿತಿಯಿದೆ: 10 ಸಾವು, ಇಲ್ಲವೇ 100 ಸಂತ್ರಸ್ತರು, ಇಲ್ಲವೇ ತುರ್ತುಸ್ಥಿತಿಯ ಘೋಷಣೆ ಅಥವಾ ಅಂತರರಾಷ್ಟ್ರೀಯ ನೆರವಿನ ಮನವಿ. ಒಂದು ಮನೆಯ ಮೇಲೆ ಧರೆ ಕುಸಿದು ಇಬ್ಬರು ಸತ್ತ ಘಟನೆ ಅಲ್ಲಿ ಇರುವುದಿಲ್ಲ. ಒಂದೇ ಸಾಲಿನೊಳಗೆ ಹಲವು ರಾಜ್ಯಗಳ ಮುಂಗಾರು ನೆರೆ ಸೇರಿಕೊಂಡಿರುವುದೂ ಉಂಟು. ದೇಶಗಳನ್ನು ಹೋಲಿಸಲು ಒಳ್ಳೆಯದು, ತಾಲ್ಲೂಕಿಗೆ ನಿರುಪಯೋಗಿ.

ನಾಸಾದ ಜಾಗತಿಕ ಭೂಕುಸಿತ ಪಟ್ಟಿ ಇನ್ನೊಂದು ಬಗೆ. 2007ರಿಂದ ಮುಖ್ಯವಾಗಿ ಸುದ್ದಿ ವರದಿಗಳಿಂದ ಕಲೆಹಾಕಿದ್ದು, ಮಳೆಯಿಂದಾದ ಕುಸಿತಗಳಿಗೆ ಒತ್ತು. ಅದರಲ್ಲಿ ನಮಗೆ ತುಂಬ ಇಷ್ಟವಾದ ಅಂಕಣವೆಂದರೆ ಸ್ಥಳದ ನಿಖರತೆ: ನಿಖರ, 1 ಕಿ.ಮೀ., 5 ಕಿ.ಮೀ., 25 ಕಿ.ಮೀ. ಹೀಗೆ ಪ್ರತಿ ಬಿಂದುವಿಗೂ ನಮೂದು ಇದೆ. ಇಳಿಜಾರಿನೊಂದಿಗೆ ತಾಳೆ ನೋಡುವವರು 5 ಕಿ.ಮೀ.ಗಿಂತ ಒರಟಾದ ಬಿಂದುಗಳನ್ನು ಬಿಟ್ಟುಬಿಡಬೇಕು. 25 ಕಿ.ಮೀ. ಅಂದಾಜಿನ ಬಿಂದು ಮಡಿಕೇರಿಯ ಗುಡ್ಡದ್ದನ್ನು ಕುಶಾಲನಗರದ ಬಯಲಿಗೆ ತಂದಿಡಬಲ್ಲದು. ನಿಮ್ಮ ಕೋಶದಲ್ಲೂ ಈ ಅಂಕಣ ಇರಲಿ.

ದೇಶದೊಳಗಿನ ಮೂಲಗಳು ಇನ್ನೂ ಹತ್ತಿರ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ತಂದ ಭೂಕುಸಿತ ಅಟ್ಲಾಸ್ 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳನ್ನು 17 ರಾಜ್ಯ ಮತ್ತು 2 ಕೇಂದ್ರಾಡಳಿತ ಪ್ರದೇಶಗಳ 147 ಜಿಲ್ಲೆಗಳಲ್ಲಿ ಗುರುತಿಸಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1:50,000 ಪ್ರಮಾಣದಲ್ಲಿ ಅಪಾಯ ಸಾಧ್ಯತೆಯ ನಕ್ಷೆ ಮಾಡಿದೆ. ಉಪಗ್ರಹ ಕುಸಿತದ ಗಾಯವನ್ನು ಕಾಣುತ್ತದೆ. ಅದು ಯಾವ ಗಂಟೆಗೆ ಆಯಿತು, ಯಾರಿಗೆ ಏನಾಯಿತು ಎಂಬುದನ್ನಲ್ಲ. ಸುದ್ದಿ ವರದಿಯಲ್ಲಿ ಗಂಟೆ ಸಿಗುತ್ತದೆ, ನಿಖರ ಜಾಗ ಸಿಗುವುದಿಲ್ಲ. ಎರಡನ್ನೂ ಜೋಡಿಸುವುದೇ ನಿಮ್ಮ ಕೋಶದ ನಿಜವಾದ ಕೊಡುಗೆ.

ಸರ್ಕಾರಿ ಫೀಡ್‌ಗಳು

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಎಚ್ಚರಿಕೆಗಳನ್ನು ಕ್ಯಾಪ್ ಎಂಬ ಅಂತರರಾಷ್ಟ್ರೀಯ ವಿನ್ಯಾಸದಲ್ಲಿ ಕೊಡುತ್ತದೆ. ಪುಟ ಕೆರೆದು ತೆಗೆಯುವ ಕೆಲಸವಿಲ್ಲ. ಗಂಭೀರತೆ, ತುರ್ತು, ಖಚಿತತೆ, ಪ್ರದೇಶ, ಅವಧಿ ಎಲ್ಲವೂ ಹೆಸರಿಟ್ಟ ಖಾನೆಗಳಲ್ಲಿ ಬರುತ್ತದೆ. ಇಲ್ಲಿ ಎಡವುವುದು ಮೂರು ಕಡೆ. ಸ್ಟೇಟಸ್ ಖಾನೆ ನೋಡದೆ ಅಣಕು ಪರೀಕ್ಷೆಯ ಸಂದೇಶವನ್ನು ನಿಜವೆಂದು ಉಳಿಸಿಕೊಳ್ಳುವುದು. ಸಂದೇಶದ ಬಗೆ ‘ಅಪ್‌ಡೇಟ್’ ಅಥವಾ ‘ಕ್ಯಾನ್ಸಲ್’ ಆಗಿದ್ದಾಗ ಅದು ಯಾವ ಹಳೆಯ ಸಂದೇಶವನ್ನು ತಿದ್ದುತ್ತಿದೆ ಎಂಬ ಕೊಂಡಿ ಕಳೆದುಕೊಂಡು, ಒಂದೇ ಎಚ್ಚರಿಕೆಯನ್ನು ಮೂರೆಂದು ಎಣಿಸುವುದು. ಅವಧಿ ಮುಗಿಯುವ ಸಮಯವನ್ನು ಕಡೆಗಣಿಸುವುದು.

ಮಳೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕಿಂತ ಹತ್ತಿರದ ಮೂಲವಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಅದರ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕದ ದೈನಂದಿನ ಮಳೆ ದತ್ತಾಂಶ 1901ರಿಂದ ಇದೆ. ನೂರು ವರ್ಷದ ಹೋಲಿಕೆಗೆ ಅದೇ ಗತಿ. ಆದರೆ ನಮ್ಮ ಅಕ್ಷಾಂಶದಲ್ಲಿ ಅಂಥ ಒಂದು ಚೌಕ ಸುಮಾರು 750 ಚದರ ಕಿ.ಮೀ., 4,102 ಚದರ ಕಿ.ಮೀ.ನ ಕೊಡಗು ಐದಾರು ಚೌಕಗಳಲ್ಲಿ ಮುಗಿಯುತ್ತದೆ. ಭಾಗಮಂಡಲಕ್ಕೂ ಕುಶಾಲನಗರಕ್ಕೂ ಮಳೆ ಹಲವು ಪಟ್ಟು ಬೇರೆ. ಚೌಕದ ಸರಾಸರಿ ಆ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಹಿಂದಿನ ವರ್ಷಗಳ ಪಂಚಾಯಿತಿವಾರು ಅಂಕಿ ಬೇಕಿದ್ದರೆ ಪಿಡಿಎಫ್‌ಗಳನ್ನು ಒಂದೊಂದಾಗಿ ಕೆರೆಯುವ ಬದಲು ಸಂಸ್ಥೆಗೆ ಪತ್ರ ಬರೆದು ಕೇಳಿ. ಪಿಡಿಎಫ್‌ನಲ್ಲಿ ಬಿಟ್ಟುಹೋದ ದಿನಗಳನ್ನು ಕ್ರಾಲರ್ ಹುಟ್ಟಿಸಲಾರದು.

ಅಳತೆಗಳಲ್ಲಿ ಬಹಳ ಎಚ್ಚರ ಬೇಕು. ‘ಆಗಸ್ಟ್ 16ರ ಮಳೆ’ ಎಂದರೆ ಸಾಮಾನ್ಯವಾಗಿ 15ರ ಬೆಳಿಗ್ಗೆ 8:30ರಿಂದ 16ರ ಬೆಳಿಗ್ಗೆ 8:30ರವರೆಗಿನ ಮಳೆ. 16ರ ಮಧ್ಯಾಹ್ನದ ಕುಸಿತಕ್ಕೆ ಇದನ್ನು ಅಂದಿನ ಮಳೆಯೆಂದು ಜೋಡಿಸಿದರೆ ಕುಸಿತಕ್ಕೆ ಕಾರಣವಾದ ಕೊನೆಯ ಗಂಟೆಗಳೇ ಬಿಟ್ಟುಹೋಗುತ್ತವೆ. ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಮಳೆ ಸೆಂಟಿಮೀಟರ್‌ನಲ್ಲಿ ಬರುತ್ತದೆ, ರಾಜ್ಯದ ವರದಿಗಳಲ್ಲಿ ಮಿಲಿಮೀಟರ್‌ನಲ್ಲಿ. ಇಲಾಖೆಯ ಅತ್ಯಂತ ಭಾರೀ ಮಳೆ (ಎಕ್ಸ್‌ಟ್ರೀಮ್ಲಿ ಹೆವಿ) ಎಂಬ ವರ್ಗ 204.5 ಮಿ.ಮೀ.ಯಿಂದ ಶುರು. ನಿಮ್ಮ ಪಟ್ಟಿಯಲ್ಲಿ ಒಂದು ದಿನದ ಮಳೆ ‘21’ ಎಂದಿದ್ದು ಪತ್ರಿಕೆಗಳೆಲ್ಲ ಪ್ರಳಯ ಎಂದು ಬರೆದಿದ್ದರೆ, ಆ 21 ಸೆಂಟಿಮೀಟರ್ ಎಂದು ಮೊದಲು ಅನುಮಾನಿಸಿ. ಅಣೆಕಟ್ಟಿನ ಹೊರಹರಿವು ನಮ್ಮಲ್ಲಿ ಕ್ಯುಸೆಕ್‌ನಲ್ಲಿ, ಕೆಲವು ದಾಖಲೆಗಳಲ್ಲಿ ಕ್ಯುಮೆಕ್‌ನಲ್ಲಿ ಇರುತ್ತದೆ. ಒಂದು ಕ್ಯುಮೆಕ್ 35.3 ಕ್ಯುಸೆಕ್. ಸಂಖ್ಯೆಯ ಪಕ್ಕದಲ್ಲೇ ಮೂಲದ ಅಳತೆಯನ್ನು ಹಾಗೇ ಉಳಿಸಿ, ಪರಿವರ್ತಿಸಿದ್ದನ್ನು ಬೇರೆ ಅಂಕಣದಲ್ಲಿಡಿ.

ಜಾಗತಿಕ ಫೀಡ್‌ಗಳು ಸೊಗಸಾಗಿವೆ, ಜಿಲ್ಲೆಯ ಕೆಲಸಕ್ಕೆ ಬರುವುದು ಕಡಿಮೆ. ಜಾಗತಿಕ ವಿಕೋಪ ಎಚ್ಚರಿಕೆ ವ್ಯವಸ್ಥೆಯಾದ ಜಿಡಾಕ್ಸ್‌ನಲ್ಲಿ ಗುಡ್ಡ ಕುಸಿತ ಎಂಬ ವರ್ಗವೇ ಇಲ್ಲ. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಭೂಕಂಪ ಫೀಡ್ ನಿಮಿಷ ನಿಮಿಷಕ್ಕೂ ನವೀಕರಣಗೊಳ್ಳುತ್ತದೆ, ಆದರೆ ನಮ್ಮ ಭಾಗದ ಸಣ್ಣ ಕಂಪನಗಳನ್ನು ಅದರಿಂದ ನಿರೀಕ್ಷಿಸಬೇಡಿ. 2022ರ ಜೂನ್‌ನಲ್ಲಿ ಸುಳ್ಯ–ಕೊಡಗು ಗಡಿಯ ಚೆಂಬು, ಸಂಪಾಜೆ ಸುತ್ತ ಜನರನ್ನು ಕಂಗೆಡಿಸಿದಂಥ ಕಂಪನಗಳಿಗೆ ದೇಶದ ಭೂಕಂಪಶಾಸ್ತ್ರ ಕೇಂದ್ರದ ಪಟ್ಟಿಯನ್ನೇ ನೋಡಬೇಕು.

ವೆಬ್ ಭಂಡಾರಗಳು: ಜಿಡೆಲ್ಟ್, ಕಾಮನ್ ಕ್ರಾಲ್

ಜಿಡೆಲ್ಟ್ ಜಗತ್ತಿನ ಸುದ್ದಿಯನ್ನು 15 ನಿಮಿಷಕ್ಕೊಮ್ಮೆ ಸಂಕೇತಗಳಾಗಿಸಿ ಕೊಡುತ್ತದೆ. ಅದರ ‘ಘಟನೆ’ ಪಟ್ಟಿಯನ್ನು ರೂಪಿಸಿರುವುದು ರಾಜಕೀಯ ಮತ್ತು ಸಂಘರ್ಷದ ಅಧ್ಯಯನಕ್ಕೆ. ವಿಕೋಪದ ವಿಷಯ ಇರುವುದು ಜಿಕೆಜಿ ಎಂಬ ಇನ್ನೊಂದು ಪಟ್ಟಿಯಲ್ಲಿ. ಅಲ್ಲಿ ಸಾಲುಗಳ ಸಂಖ್ಯೆ ಸುದ್ದಿಗಳ ಸಂಖ್ಯೆಯೇ ಹೊರತು ವಿಕೋಪಗಳ ಸಂಖ್ಯೆಯಲ್ಲ. ದೊಡ್ಡ ಪತ್ರಿಕೆಗಳ ಗಮನ ಎತ್ತ ಹೋಯಿತೋ ಅತ್ತ ಸಾಲುಗಳು ಉಬ್ಬುತ್ತವೆ. ಎಲ್ಲಿ ಏನೋ ಆಗಿದೆ ಎಂಬ ಸುಳಿವಿಗೆ ಬಳಸಿ, ಎಣಿಕೆಗೆ ಬೇಡ.

ಕಾಮನ್ ಕ್ರಾಲ್ ಪ್ರತಿ ಸುತ್ತಿನಲ್ಲೂ ನೂರಾರು ಕೋಟಿ ಪುಟಗಳನ್ನು ಹಿಡಿದಿಡುತ್ತದೆ. 2016ರಿಂದ ಸುದ್ದಿಗೆ ಬೇರೆಯೇ ಸಂಗ್ರಹವಿದೆ. ಇಡೀ ಕಡತ ಇಳಿಸಿಕೊಳ್ಳಬೇಡಿ. ಸೂಚಿಯಲ್ಲಿ ಪತ್ರಿಕೆಯ ಜಾಲತಾಣ ಅಥವಾ ಕನ್ನಡದ ಭಾಷಾ ಸಂಕೇತದಿಂದ ಹುಡುಕಿ, ಸಿಕ್ಕ ದಾಖಲೆಯ ಬೈಟ್ ವ್ಯಾಪ್ತಿಯನ್ನಷ್ಟೇ (ಕಡತದಲ್ಲಿ ಆ ದಾಖಲೆ ಇರುವ ತುಣುಕನ್ನಷ್ಟೇ) ತರಿಸಿಕೊಳ್ಳಿ. ಇದರ ದೊಡ್ಡ ಉಪಯೋಗ ಸತ್ತ ಕೊಂಡಿಗಳಲ್ಲಿದೆ: ಪತ್ರಿಕೆ ತಾಣ ಬದಲಿಸಿದಾಗ ಕಳೆದುಹೋದ 2018, 2019ರ ವರದಿಗಳು ಇಲ್ಲಿ ಅಥವಾ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗಬಹುದು. ಮಿತಿಯೂ ಅಷ್ಟೇ ದೊಡ್ಡದು. ಯಾವ ತಾಣವನ್ನೂ ಅದು ಪೂರ್ತಿ ಹಿಡಿಯುವುದಿಲ್ಲ. ‘ಇಲ್ಲಿ ವರದಿಯಿಲ್ಲ, ಆದ್ದರಿಂದ ಘಟನೆ ಆಗಿಲ್ಲ’ ಎಂಬ ತೀರ್ಮಾನಕ್ಕೆ ಎಂದೂ ಬರಬೇಡಿ.

ಸಾಮಾಜಿಕ ಜಾಲತಾಣಗಳನ್ನು ಮೊದಲ ಹಂತದಲ್ಲಿ ಬಿಟ್ಟುಬಿಡಿ. ಪ್ರತಿ ಮಳೆಗಾಲದಲ್ಲೂ ಹಳೆಯ ವಿಡಿಯೊಗಳು ಹೊಸದೆಂದು ಓಡಾಡುತ್ತವೆ, ಸಂಕಟದಲ್ಲಿರುವವರ ಫೋನ್ ನಂಬರ್, ಮನೆ ವಿಳಾಸ ಅವುಗಳಲ್ಲಿರುತ್ತದೆ, ಪರಿಶೀಲನೆಗೆ ಆಳು ಬೇಕು.

ಸ್ವಂತ ಕ್ರಾಲರ್: ಕಿರಿದಾಗಿ, ನಿಧಾನವಾಗಿ

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇರುವಷ್ಟು ಹೋಬಳಿ ಮಟ್ಟದ ವಿವರ ಯಾವ ಜಾಗತಿಕ ಪಟ್ಟಿಯಲ್ಲೂ ಇಲ್ಲ. ಇದಕ್ಕೆ ಬೃಹತ್ ಯಂತ್ರ ಬೇಕಿಲ್ಲ. ನಾಲ್ಕು ಪತ್ರಿಕೆಗಳ ಒಂದೊಂದು ಜಿಲ್ಲಾ ಪುಟವನ್ನು ಅರ್ಧ ಗಂಟೆಗೊಮ್ಮೆ ನೋಡಿದರೆ ದಿನಕ್ಕೆ 192 ಕೋರಿಕೆ. ಅದರಿಂದ ದಿನಕ್ಕೆ 100 ಸುದ್ದಿ, ಸುದ್ದಿಗೆ 200 ಕೆಬಿ ಎಂದಿಟ್ಟುಕೊಂಡರೆ 20 ಎಂಬಿ. ಕುಗ್ಗಿಸಿದರೆ ಸುಮಾರು 5 ಎಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಕ್ಕೆ 600 ಎಂಬಿ ಆಸುಪಾಸು. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೊದಲು ಆರೆಸ್ಸೆಸ್ ಫೀಡ್ (ಹೊಸ ಸುದ್ದಿಗಳ ಪಟ್ಟಿ) ಮತ್ತು ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಇದೆಯೇ ನೋಡಿ. ಇಲ್ಲದಿದ್ದರೆ ಬ್ರೌಸರಿನ ನೆಟ್‌ವರ್ಕ್ ಪಟ್ಟಿ ತೆರೆದು, ಪುಟದ ಹಿಂದೆ ಜೇಸನ್ (ಯಂತ್ರ ಓದುವ ರೂಪದ ದತ್ತಾಂಶ) ಬರುತ್ತಿದೆಯೇ ಪರೀಕ್ಷಿಸಿ. ಬರುತ್ತಿದ್ದರೆ ಪ್ಲೇರೈಟ್‌ನಂಥ ಸಾಧನದಿಂದ ತಲೆಯಿಲ್ಲದ, ಅಂದರೆ ಪರದೆ ತೋರಿಸದೆ ಓಡುವ, ಬ್ರೌಸರ್ ಬೇಡ. ಅದು ಪ್ರತಿ ಪುಟಕ್ಕೂ ನೂರಾರು ಎಂಬಿ ಮೆಮೊರಿ ತಿನ್ನುತ್ತದೆ, ಮಳೆಗಾಲದ ನಡುರಾತ್ರಿ ಸಿಕ್ಕಿಕೊಂಡು ನಿಲ್ಲುತ್ತದೆ. ಸ್ಕ್ರೇಪಿ ಎಂಬ ಕ್ರಾಲರ್ ಸಾಧನ ಬಳಸುವವರು ರೋಬಾಟ್ಸ್ ಕಡತವನ್ನು (ಯಂತ್ರಗಳು ಎಲ್ಲಿಗೆ ಬರಬಾರದು ಎಂದು ತಾಣ ಹೇಳುವ ಕಡತ) ಪಾಲಿಸುವ ಆಯ್ಕೆ ಆನ್ ಮಾಡಿ, ಒಂದು ತಾಣಕ್ಕೆ 10 ಸೆಕೆಂಡಿಗೆ ಒಂದೇ ಕೋರಿಕೆ ಇಡಿ, ಕ್ರಾಲರ್ ಹೆಸರಿನ ಜೊತೆ ನಿಮ್ಮ ಸಂಪರ್ಕ ಬರೆಯಿರಿ. 429 (ಕೋರಿಕೆ ಮಿತಿಮೀರಿತು) ಎಂಬ ಉತ್ತರ ಬಂದರೆ ಅದು ಹೇಳಿದಷ್ಟು ಹೊತ್ತು ಸುಮ್ಮನಿರಿ. ವಿಕೋಪದ ದಿನ ಸರ್ಕಾರಿ ತಾಣಗಳ ಮೇಲೆ ಜನರ ಒತ್ತಡ ಆಗಲೇ ಇರುತ್ತದೆ. ಅಂದು ನಿಮ್ಮ ವೇಗವನ್ನು ಇನ್ನೂ ಅರ್ಧಕ್ಕಿಳಿಸಬೇಕು, ಏರಿಸಬಾರದು.

ತಂದ ಪುಟವನ್ನು ಮೂಲರೂಪದಲ್ಲೇ ವಾರ್ಕ್ ಕಡತವಾಗಿ (ವೆಬ್ ಪುಟಗಳನ್ನು ಇದ್ದಂತೆಯೇ ಕಾಪಿಡುವ ವಿನ್ಯಾಸ), ತಂದ ಸಮಯದೊಂದಿಗೆ ಇಟ್ಟುಕೊಳ್ಳಿ. ಪಠ್ಯ ಬಿಡಿಸುವ ಕ್ರಮ ಮುಂದೆ ಸುಧಾರಿಸಿದಾಗ ಮತ್ತೆ ಓಡಿಸಲು ಅದು ಬೇಕು. ವಿಕೋಪದ ಸುದ್ದಿ ಅದೇ ವಿಳಾಸದಲ್ಲಿ ಬದಲಾಗುತ್ತಾ ಹೋಗುತ್ತದೆ. ಆದ್ದರಿಂದ 6 ಗಂಟೆ, 24 ಗಂಟೆ, 7 ದಿನ, 30 ದಿನಕ್ಕೆ ಮತ್ತೆ ಭೇಟಿ ಕೊಡಿ. ಸಮಯ ವಲಯ ಇನ್ನೊಂದು ಗುಂಡಿ. ವಯನಾಡಿನ ಮುಂಡಕ್ಕೈ–ಚೂರಲ್ಮಲ ಕುಸಿತ ಆದದ್ದು 2024ರ ಜುಲೈ 30ರ ನಸುಕಿಗೂ ಮುಂಚೆ. ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲಿ ಅದಿನ್ನೂ ಜುಲೈ 29. ಬರೀ ದಿನಾಂಕ ಉಳಿಸಿ ಸಮಯ ಬಿಟ್ಟರೆ ಮಳೆಯ ಪಟ್ಟಿಯೊಂದಿಗೆ ಒಂದು ದಿನ ತಪ್ಪುತ್ತದೆ.

ಸುದ್ದಿಯ ಪೂರ್ಣ ಪಠ್ಯಕ್ಕೆ ಕೃತಿಸ್ವಾಮ್ಯ ಇದೆ. ಸಾರ್ವಜನಿಕರಿಗೆ ತೋರಿಸುವುದು ಬಿಡಿಸಿದ ಸಂಗತಿ ಮತ್ತು ಮೂಲದ ಕೊಂಡಿ ಮಾತ್ರ ಆಗಿರಲಿ. ಮೃತರ, ಸಂತ್ರಸ್ತರ ಹೆಸರುಗಳು ಕೋಶಕ್ಕೆ ಬೇಡ, ಸಂಖ್ಯೆ ಸಾಕು.

ಕನ್ನಡ ಪಠ್ಯ: ಹೆಚ್ಚು ಹೊತ್ತು ಹೋಗುವುದು ಇಲ್ಲೇ

ಹಳೆಯ ಸರ್ಕಾರಿ ಪಿಡಿಎಫ್‌ಗಳು ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿವೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಬಿಡಿಸಿದ ಪಠ್ಯದಲ್ಲಿ ಕನ್ನಡ ಯೂನಿಕೋಡ್ ವ್ಯಾಪ್ತಿಯ ಅಕ್ಷರಗಳು ಅರ್ಧಕ್ಕಿಂತ ಕಡಿಮೆ ಇದ್ದರೆ ಆ ಕಡತವನ್ನು ಪ್ರತ್ಯೇಕಿಸಿ. ಪರಿವರ್ತಕದೊಳಗೆ ಇಡೀ ಪುಟ ಸುರಿದರೆ ಅದರಲ್ಲಿರುವ ನಿಜವಾದ ಇಂಗ್ಲಿಷ್ ಪದ, ಅಂಕಿಗಳೂ ಕೆಡುತ್ತವೆ. ಪಿಡಿಎಫ್ ಓದುವ ಲೈಬ್ರರಿಗಳು ಪ್ರತಿ ತುಣುಕಿನ ಫಾಂಟ್ ಹೆಸರು ಕೊಡುತ್ತವೆ, ಹಳೆಯ ಕನ್ನಡ ಫಾಂಟಿನ ತುಣುಕುಗಳನ್ನಷ್ಟೇ ಪರಿವರ್ತಿಸಿ. ಸ್ಕ್ಯಾನ್ ಪ್ರತಿಯಾದರೆ 300 ಡಿಪಿಐ ಇಟ್ಟು ಅಕ್ಷರ ಗುರುತಿಸುವ ತಂತ್ರಾಂಶ ಟೆಸರಾಕ್ಟ್‌ನ ಕನ್ನಡ ಮಾದರಿ ಓಡಿಸಿ, ಓದಿದ ಅಂಕಿಗಳನ್ನು ಕೂಡಿದರೆ ಕೋಷ್ಟಕದ ಕೊನೆಯ ಸಾಲಿನ ಒಟ್ಟು ಮೊತ್ತಕ್ಕೆ ತಾಳೆಯಾಗುತ್ತದೆಯೇ ನೋಡಿ. ಕನ್ನಡ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ, ಸಂಕೇತ ಬೇರೆ. ಬೆರಳಚ್ಚಿನಲ್ಲೂ ಒಂದರ ಬದಲು ಇನ್ನೊಂದು ಬಂದಿರುತ್ತದೆ. ಅಂಕಿಗಳ ನಡುವೆ ಅನುಸ್ವಾರ ಕಂಡರೆ ಸೊನ್ನೆಯಾಗಿಸಿ.

ಯೂನಿಕೋಡ್ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ‘ೊ’, ‘ೋ’, ‘ೇ’ ಮುಂತಾದ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿಸಿಯೂ ಬರೆಯಲು ಬರುವುದರಿಂದ, ಒಂದೇ ಊರು ಎರಡಾಗುತ್ತದೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಹುಡುಕಾಟದ ಪ್ರತಿಯಿಂದ ತೆಗೆಯಿರಿ, ಮೂಲದಲ್ಲಿ ಇರಲಿ.

ಹುಡುಕುಪದದ ಆಯ್ಕೆಯಲ್ಲಿ ಜಾಣತನ ಬೇಕು. ‘ಕುಸಿ’ ಎಂಬ ಮೊದಲ ಭಾಗ ಹಿಡಿದರೆ ಕುಸಿತ, ಕುಸಿದು, ಕುಸಿದಿದೆ ಎಲ್ಲ ಸಿಗುತ್ತವೆ, ಜೊತೆಗೆ ಷೇರುಪೇಟೆ ಕುಸಿತವೂ ಅಡಕೆ ಬೆಲೆ ಕುಸಿತವೂ ಬರುತ್ತವೆ. ‘ನೆರೆ’ಗೆ ನೆರೆಹೊರೆ, ನೆರೆಯ ರಾಜ್ಯ, ನೆರೆದಿದ್ದ ಜನ ಸಿಕ್ಕಿಬೀಳುತ್ತಾರೆ. ಆದ್ದರಿಂದ ‘ಕುಸಿ’ ಅಥವಾ ‘ಜರಿ’ಯ ಹತ್ತು ಪದಗಳೊಳಗೆ ಗುಡ್ಡ, ಧರೆ, ಬರೆ (ಕಡಿದಾದ ದಿಬ್ಬ), ಮಣ್ಣು, ಭೂ ಇರಬೇಕೆಂಬ ನಿಯಮ ಹಾಕಿ. ‘ಬರೆ’ಯನ್ನು ಒಂಟಿಯಾಗಿ ಹುಡುಕಬೇಡಿ, ಬರೆಯುವವರೆಲ್ಲ ಬರುತ್ತಾರೆ. ಸಾವಿನ ಸಂಖ್ಯೆ ಅಂಕಿಯಲ್ಲೇ ಇರುತ್ತದೆ ಎಂದೂ ನಂಬಬೇಡಿ: ಇಬ್ಬರು, ಮೂವರು, ನಾಲ್ವರು, ಐವರು ಎಂಬ ಪದಗಳಿಗೆ ಪಟ್ಟಿ ಮಾಡಿ.

ಊರ ಹೆಸರು ಎಲ್ಲಕ್ಕಿಂತ ಕಷ್ಟ. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು, ಗಂಗಾವಳಿ ನದಿಯ ದಡದ್ದು. ಅದೇ ಹೆದ್ದಾರಿಯಲ್ಲಿ ಇನ್ನೂ ದಕ್ಷಿಣಕ್ಕೆ ಬೈಂದೂರು ತಾಲ್ಲೂಕಿನಲ್ಲೂ ಶಿರೂರು ಇದೆ, ಬಾಗಲಕೋಟೆಯಲ್ಲೂ ಇದೆ. ಹೆಸರಿನಿಂದ ನಕ್ಷೆಯ ಬಿಂದು ಹುಡುಕುವ ಸಾಮಾನ್ಯ ಜಿಯೋಕೋಡರ್‌ಗೆ ಬರೀ ಹೆಸರು ಕೊಟ್ಟರೆ ಯಾವುದನ್ನಾದರೂ ಆರಿಸೀತು. ‘ಸಾಗರ’ ತಾಲ್ಲೂಕೂ ಹೌದು, ಸಮುದ್ರವೂ ಹೌದು. ಹಾಗಾಗಿ ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ನಿರ್ದೇಶಿಕೆಯ ಸಂಕೇತಗಳನ್ನು ಆಧಾರವಾಗಿಟ್ಟು ಜಿಲ್ಲೆಗೊಂದು ಊರುಪಟ್ಟಿ ಮಾಡಿ, ಪ್ರತಿ ಊರಿಗೂ ಕಾಗುಣಿತದ ರೂಪಾಂತರ ಸೇರಿಸಿ, ಸುದ್ದಿಯಲ್ಲಿ ಬಂದ ತಾಲ್ಲೂಕು, ನದಿ, ಹೆದ್ದಾರಿಯ ಹೆಸರಿನಿಂದ ಖಚಿತಪಡಿಸಿಕೊಳ್ಳಿ. ಗಡಿಗಳಿಗೂ ಇಸವಿ ಬೇಕು: 2018ರ ದಾಖಲೆಯಲ್ಲಿ ಕುಶಾಲನಗರ ಸೋಮವಾರಪೇಟೆ ತಾಲ್ಲೂಕಿನೊಳಗೇ ಇದೆ.

ವರದಿಯಿಂದ ಘಟನೆಗೆ

ಮೂರು ಪಟ್ಟಿಗಳನ್ನು ಬೇರೆಬೇರೆ ಇಡಿ: ವರದಿ, ಹೇಳಿಕೆ, ಘಟನೆ. ‘ಇಷ್ಟು ಸಾವು’ ಎಂಬುದು ಹೇಳಿಕೆ. ಅದಕ್ಕೆ ಮೂಲ ಮತ್ತು ಸಮಯ ಅಂಟಿಕೊಂಡಿರಬೇಕು. ಹೊಸ ಸಂಖ್ಯೆ ಬಂದಾಗ ಹಳೆಯದನ್ನು ಅಳಿಸಬೇಡಿ. ಶಿರೂರಿನ ಶೋಧ ಸೆಪ್ಟೆಂಬರ್‌ವರೆಗೂ ನಡೆಯಿತು. ಜುಲೈನ ಸಂಖ್ಯೆಯೂ ಸೆಪ್ಟೆಂಬರ್‌ನ ಸಂಖ್ಯೆಯೂ ಆಯಾ ದಿನಕ್ಕೆ ನಿಜ. ನಾಪತ್ತೆಯಾದವರನ್ನು ಮೃತರೊಳಗೆ ಕೂಡಿಸುವ ವರದಿಗಳೂ ಇರುತ್ತವೆ, ಎರಡಕ್ಕೂ ಬೇರೆ ಅಂಕಣ ಬೇಕು.

ಸುದ್ದಿಸಂಸ್ಥೆಯ ಒಂದೇ ಪ್ರತಿ ನಾಲ್ಕು ಪತ್ರಿಕೆಯಲ್ಲಿ ಬಂದರೆ ಅದು ನಾಲ್ಕು ಸಾಕ್ಷಿಯಲ್ಲ. ಐದೈದು ಅಕ್ಷರಗಳ ತುಣುಕು ಮಾಡಿ ಪಠ್ಯಗಳ ಸಾಮ್ಯ ಅಂದಾಜಿಸುವ ಮಿನ್‌ಹ್ಯಾಶ್ ವಿಧಾನದಿಂದ ಹೋಲಿಸಿ, ಸಾಮ್ಯ 0.8 ದಾಟಿದವನ್ನು ಒಂದೇ ಗುಂಪಿಗೆ ಸೇರಿಸಿ. ನಿಮ್ಮ ಪಠ್ಯ ನೋಡಿಕೊಂಡು ಈ ಮಿತಿ ತಿದ್ದಿಕೊಳ್ಳಿ. ಘಟನೆಗಳನ್ನು ಜೋಡಿಸುವಾಗ ಒಂದೇ ಗ್ರಾಮ, 48 ಗಂಟೆಯ ಅಂತರ, ಒಂದೇ ಬಗೆಯ ವಿಕೋಪ ಎಂಬುದು ಒಳ್ಳೆಯ ಆರಂಭ. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಸುತ್ತ ಆದಂತೆ ಒಂದೇ ಮಳೆಗೆ ಹತ್ತಾರು ಕಡೆ ಗುಡ್ಡ ಜರಿದಾಗ ಈ ನಿಯಮ ಸೋಲುತ್ತದೆ. ಅಂಥ ದಿನಗಳನ್ನು ಮನುಷ್ಯರೇ ಕೂತು ಬಿಡಿಸಬೇಕು.

ಭಾಷಾ ಮಾದರಿಯಿಂದ ಸಂಗತಿ ಬಿಡಿಸುವುದಾದರೆ ಪ್ರತಿ ಉತ್ತರದ ಜೊತೆ ಮೂಲ ವಾಕ್ಯವನ್ನು ಯಥಾವತ್ತು ಕೊಡುವಂತೆ ಕೇಳಿ, ಆ ವಾಕ್ಯ ನಿಜಕ್ಕೂ ಪುಟದಲ್ಲಿದೆಯೇ ಎಂದು ಸರಳ ಪಠ್ಯ ಹೋಲಿಕೆಯಿಂದ ಪರೀಕ್ಷಿಸಿ. ಇಲ್ಲದಿದ್ದರೆ ಆ ಸಾಲನ್ನೇ ಕೈಬಿಡಿ. ಮೊದಲು 200 ಸುದ್ದಿಗಳನ್ನು ಕೈಯಾರೆ ಗುರುತು ಹಾಕಿಟ್ಟುಕೊಂಡರೆ ಯಾವ ವಿಧಾನ ಎಷ್ಟು ತಪ್ಪುತ್ತದೆ ಎಂದು ತಿಳಿಯುತ್ತದೆ.

ಕೋಶದ ರೂಪ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ನಕ್ಷೆಯ ಕೆಲಸಕ್ಕಿರುವ ಅದರ ವಿಸ್ತರಣೆ ಪೋಸ್ಟ್‌ಜಿಐಎಸ್‌ನಿಂದ ಶುರು ಮಾಡಿ. ‘ಈ ಸೇತುವೆ ಹೋದರೆ ಯಾವ ಊರುಗಳಿಗೆ ದಾರಿ ಇಲ್ಲ, ಅವಕ್ಕೆ ಹತ್ತಿರದ ಕಾಳಜಿ ಕೇಂದ್ರ ಯಾವುದು’ ಎಂಬಂಥ ಸರಪಳಿ ಪ್ರಶ್ನೆಗಳು ಹೆಚ್ಚಾದಾಗ ಮಾತ್ರ ಸಂಬಂಧಗಳನ್ನು ಜಾಲವಾಗಿ ಇಡುವ ಗ್ರಾಫ್ ಡೇಟಾಬೇಸ್ ಲಾಭ ತರುತ್ತದೆ. ಪ್ರಶ್ನೋತ್ತರ ಬಾಟ್ ಎಲ್ಲಕ್ಕಿಂತ ಕೊನೆಗೆ ಬರಲಿ, ಅದರ ಪ್ರತಿ ಉತ್ತರಕ್ಕೂ ದಿನಾಂಕ ಮತ್ತು ಮೂಲ ಇರಲಿ.

ಯಾರಿಗೆ ಯಾವುದು

ಒಂದು ಸೆಮಿಸ್ಟರ್‌ನ ಯೋಜನೆ ಮಾಡುವ ವಿದ್ಯಾರ್ಥಿಗೆ ನಾಸಾ ಪಟ್ಟಿ ಮತ್ತು ಹವಾಮಾನ ಇಲಾಖೆಯ ಚೌಕ ದತ್ತಾಂಶ ಸಾಕು, ಕ್ರಾಲರ್ ಬೇಡ. ದಶಕದ ಇತಿಹಾಸ ಬೇಕಾದ ಸಂಶೋಧಕರು ಅಟ್ಲಾಸ್‌ನ ಜೊತೆ ಕಾಮನ್ ಕ್ರಾಲ್, ಇಂಟರ್‌ನೆಟ್ ಆರ್ಕೈವ್‌ನಿಂದ ಹಳೆಯ ಕನ್ನಡ ವರದಿಗಳನ್ನು ಹೆಕ್ಕಬೇಕು. ಅವರ ಸಮಯದ ಅರ್ಧ ಊರುಪಟ್ಟಿಗೇ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಲಿ. ಪಂಚಾಯಿತಿ, ಸ್ವಯಂಸೇವಾ ತಂಡ ಅಥವಾ ಜಿಲ್ಲಾಡಳಿತದ ಜೊತೆ ಕೆಲಸ ಮಾಡುವವರಿಗೆ ಸಚೇತ್ ಫೀಡ್, ರಾಜ್ಯದ ಮಳೆ ವರದಿ ಮತ್ತು ನಾಲ್ಕೈದು ಪುಟಗಳ ಸಣ್ಣ ಕ್ರಾಲರ್ ಸರಿಯಾದ ಜೋಡಿ. ಇದನ್ನು ಫೆಬ್ರವರಿಯಲ್ಲೇ ಕಟ್ಟಿ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಸುದ್ದಿಗಳ ಮೇಲೆ ಓಡಿಸಿ ನೋಡಿ. ಪುಟವಿನ್ಯಾಸ ಬದಲಾಗಿ ಖಾಲಿ ಪಠ್ಯ ಬರತೊಡಗಿದರೆ ತಿಳಿಯಲು, ದಿನದ ಸುದ್ದಿ ಸಂಖ್ಯೆ ವಾರದ ಸರಾಸರಿಯ ಅರ್ಧಕ್ಕಿಂತ ಕೆಳಗಿಳಿದರೆ ನಿಮ್ಮ ಫೋನಿಗೆ ಸಂದೇಶ ಬರುವಂತೆ ಜೂನ್ 1ಕ್ಕೆ ಮೊದಲೇ ಮಾಡಿಡಿ.